ಲಗೋರಿ ಆಡಿದವರಿಗೆ ಬೇಸ್‌ಬಾಲ್ ಹೊಸದಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಈಚೆಗೆ ‘ಬೇಸ್‌ಬಾಲ್ ಆಟವನ್ನು ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ‘ಆಬ್ನರ್ ಡಬಲ್‌ಡೇ, 1839’ ಎಂದು ಉತ್ತರ ಬಂದಿತ್ತು. ಇದೇ ಉತ್ತರ ಬಹಳ ಗೈಡುಗಳಲ್ಲೂ ಇದೆ, ಆದ್ದರಿಂದ ಅಂಕಣ ಬರೆದವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೆ ಉತ್ತರ ತಪ್ಪು. ನಮ್ಮ ಮೈಸೂರು, ಮಂಡ್ಯದ ಮಕ್ಕಳು ಅದನ್ನೇ ಉರುಹೊಡೆದು ಕ್ವಿಜ್‌ಗೆ ಹೋಗುತ್ತಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟನ್ನೂ ಬೇಸ್‌ಬಾಲನ್ನೂ ಒಟ್ಟಿಗೇ ಸೇರಿಸಲಾಗಿದೆ. ಆ ತೀರ್ಮಾನವಾದದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲೇ ಸೇರಿದ್ದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಇನ್ನು ಮುಂದೆ ಈ ಆಟದ ಬಗ್ಗೆ ಪ್ರಶ್ನೆಗಳು ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಅದಕ್ಕೇ ಪತ್ರ ಸ್ವಲ್ಪ ಉದ್ದವಾದರೂ ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಡಬಲ್‌ಡೇ ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಸೇನಾಧಿಕಾರಿ. ಆತ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಈ ಆಟವನ್ನು ಕಟ್ಟಿದ ಎನ್ನುವುದಕ್ಕೆ ಇರುವ ಆಧಾರ ಒಂದೇ: ಆಬ್ನರ್ ಗ್ರೇವ್ಸ್ ಎಂಬ ಗಣಿ ಎಂಜಿನಿಯರ್ 1905ರಲ್ಲಿ ನೆನಪಿನಿಂದ ಬರೆದ ಕಾಗದ. 1839ರಲ್ಲಿ ಗ್ರೇವ್ಸ್‌ಗೆ 5 ವರ್ಷ. ಅದೇ ವರ್ಷ ಡಬಲ್‌ಡೇ ವೆಸ್ಟ್‌ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಕೆಡೆಟ್ ಆಗಿದ್ದ. 1893ರಲ್ಲಿ ಸಾಯುವ ತನಕ ‘ಈ ಆಟ ನನ್ನದು’ ಎಂದು ಆತ ಎಲ್ಲೂ ಹೇಳಿಕೊಂಡವನಲ್ಲ.

ಹಾಗಿದ್ದರೂ ಕಥೆ ನಿಂತದ್ದು ಹೇಗೆ? ಆಗ ದೊಡ್ಡ ಜಗಳ ನಡೆದಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಪತ್ರಕರ್ತ ಹೆನ್ರಿ ಚಾಡ್ವಿಕ್, ಬೇಸ್‌ಬಾಲ್ ಬಂದದ್ದು ಇಂಗ್ಲಿಷ್ ಮಕ್ಕಳ ರೌಂಡರ್ಸ್ ಆಟದಿಂದ ಎನ್ನುತ್ತಿದ್ದರು. ಹಿಂದೆ ಪಿಚರ್ (ಬ್ಯಾಟರ್‌ನತ್ತ ಚೆಂಡು ಎಸೆಯುವವನು) ಆಗಿದ್ದು, ಆಮೇಲೆ ಆಟದ ಸಾಮಾನಿನ ದೊಡ್ಡ ವ್ಯಾಪಾರಿಯಾದ ಆಲ್ಬರ್ಟ್ ಸ್ಪಾಲ್ಡಿಂಗ್, ಇದು ಅಪ್ಪಟ ಅಮೆರಿಕದ ಆಟ ಎಂದು ಹಟ ಹಿಡಿದಿದ್ದರು. ಪಂಚಾಯ್ತಿಗೆಂದು ಕೂತ ಮಿಲ್ಸ್ ಆಯೋಗ 1907ರ ಕೊನೆಯಲ್ಲಿ ಗ್ರೇವ್ಸ್ ಕಾಗದವನ್ನೇ ನಂಬಿ ತೀರ್ಪು ಕೊಟ್ಟಿತು. ಆ ತೀರ್ಪಿನ ಬಲದ ಮೇಲೆ 1939ರಲ್ಲಿ, ‘ನೂರು ವರ್ಷ’ದ ಲೆಕ್ಕ ಹಿಡಿದು, ಕೂಪರ್ಸ್‌ಟೌನಿನಲ್ಲಿ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಇವತ್ತು ಅಲ್ಲಿನ ಇತಿಹಾಸಕಾರರೂ ಡಬಲ್‌ಡೇ ಕಥೆಯನ್ನು ಒಪ್ಪುವುದಿಲ್ಲ.

ಲಂಡನ್ನಿನ ಜಾನ್ ನ್ಯೂಬೆರಿ 1744ರಲ್ಲಿ ಹೊರತಂದ ಮಕ್ಕಳ ಪುಸ್ತಕವೊಂದರಲ್ಲೇ ಬೇಸ್‌ಬಾಲ್ ಎಂಬ ಹೆಸರಿನ ಪುಟ್ಟ ಪದ್ಯವೂ ಚಿತ್ರವೂ ಇವೆ. ಅಂದರೆ ಡಬಲ್‌ಡೇ ಹುಟ್ಟುವ ಎಷ್ಟೋ ಮೊದಲೇ ಮಕ್ಕಳು ಇದನ್ನು ಆಡುತ್ತಿದ್ದರು. ಊರೂರಿಗೆ ಒಂದೊಂದು ಕಟ್ಟಳೆ. ಇದು ನಮಗೆ ಅರ್ಥವಾಗದ ಮಾತೇನಲ್ಲ. ಚಿನ್ನಿದಾಂಡನ್ನು ಕಂಡುಹಿಡಿದವರು ಯಾರು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೇವೆ? ಶ್ರೀರಂಗಪಟ್ಟಣದ ಲೆಕ್ಕವೇ ಬೇರೆ, ನಂಜನಗೂಡಿನ ಲೆಕ್ಕವೇ ಬೇರೆ ಎನ್ನುತ್ತೇವೆ, ಅಷ್ಟೇ.

ಇಲ್ಲಿ ಲಗೋರಿಯನ್ನು ನೆನೆಯಬೇಕು. 7 ಬಿಲ್ಲೆಕಲ್ಲು ಒಂದರ ಮೇಲೊಂದು ಜೋಡಿಸಿ, ಚೆಂಡೆಸೆದು ಕೆಡವಿ, ಮತ್ತೆ ಜೋಡಿಸಲು ಓಡುವಾಗ ಎದುರು ಗುಂಪಿನವರು ಬೆನ್ನಿಗೆ ಚೆಂಡು ಬೀಸುತ್ತಾರೆ. ಚೆಂಡು ಬಿದ್ದರೆ ಔಟ್. ಹಳೆಯ ಬೇಸ್‌ಬಾಲಿನಲ್ಲೂ ಇದೇ ಕಟ್ಟಳೆ ಇತ್ತು. ಚೆಂಡು ಹೊಡೆದವನು ಸುತ್ತಿಬರಬೇಕಾದ ನಾಲ್ಕು ಮೂಲೆಗಳೇ ಬೇಸ್. ಬೇಸಿನಿಂದ ಬೇಸಿಗೆ ಓಡುವವನ ಮೈಗೆ ಚೆಂಡು ಎಸೆದು ಹೊಡೆದರೆ ಅವನು ಔಟ್. ಅದನ್ನು ‘ಸೋಕಿಂಗ್’ ಎನ್ನುತ್ತಿದ್ದರು. ನಮ್ಮ ‘ಸೋಕು’ ಎಂಬ ಮಾತಿಗೂ ಅದಕ್ಕೂ ನಂಟಿಲ್ಲ, ಆದರೆ ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಸುಲಭ.

ಮೈಗೆ ಎಸೆಯುವ ಚೆಂಡು ಮೆತ್ತಗಿರಲೇಬೇಕು. ಮೆತ್ತನೆಯ ಚೆಂಡನ್ನು ಎಷ್ಟು ಬೀಸಿ ಹೊಡೆದರೂ ದೂರ ಹೋಗದು. ಹಾಗಾಗಿ ಮೈದಾನವೂ ಚಿಕ್ಕದು, ಆಟವೂ ಮಕ್ಕಳದು. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು ತಮ್ಮ ಕಟ್ಟಳೆಗಳನ್ನು ಬರೆದಿಟ್ಟಾಗ, ಓಡುವವನ ಮೇಲೆ ಚೆಂಡು ಎಸೆಯಕೂಡದು, ಚೆಂಡನ್ನು ಕೈಯಲ್ಲಿ ಹಿಡಿದೇ ಅವನನ್ನು ಮುಟ್ಟಬೇಕು, ಇಲ್ಲವೇ ಚೆಂಡು ಅವನಿಗಿಂತ ಮೊದಲು ಬೇಸ್ ತಲುಪಬೇಕು ಎಂದರು. ಅಲ್ಲಿಂದ ಎಲ್ಲವೂ ಬದಲಾಯಿತು. ಎಸೆತದ ಭಯ ಹೋಯಿತು, ಚೆಂಡು ಗಟ್ಟಿಯಾಯಿತು. ಗಟ್ಟಿ ಚೆಂಡು ದೂರ ಹಾರಿತು, ಅದನ್ನು ತಡೆಯಲು ಫೀಲ್ಡರ್‌ಗಳು ದೂರ ದೂರ ನಿಂತರು, ಎಸೆಯುವ ತೋಳಿಗೆ ಬೆಲೆ ಬಂತು. ದೊಡ್ಡವರು ಆಡುವ ಆಟವಾಯಿತು. ಈ ಕ್ಲಬ್ಬು 1846ರ ಜೂನ್ 19ರಂದು ಹೊಬೊಕೆನ್‌ನ ಎಲಿಸಿಯನ್ ಫೀಲ್ಡ್ಸ್ ಮೈದಾನದಲ್ಲಿ ಆಡಿದ ಪಂದ್ಯ ಪ್ರಸಿದ್ಧ. ಕಟ್ಟಳೆ ಬರೆದವರೇ 23–1ರಲ್ಲಿ ಸೋತರು.

ಡಬಲ್‌ಡೇ ಅಲ್ಲದಿದ್ದರೆ ಅಲೆಕ್ಸಾಂಡರ್ ಕಾರ್ಟ್‌ರೈಟ್ ಎಂದು ಕೆಲವು ಪುಸ್ತಕಗಳು ಬರೆಯುತ್ತವೆ. ಅದೂ ಅರ್ಧ ಸತ್ಯ. ಕಾರ್ಟ್‌ರೈಟ್ ಆ ಕ್ಲಬ್ಬಿನ ಸದಸ್ಯ, ನಿಜ. ಆದರೆ 9 ಆಟಗಾರರು, 9 ಇನಿಂಗ್ಸ್, ಬೇಸಿನಿಂದ ಬೇಸಿಗೆ 90 ಅಡಿ ಎಂಬ ಮೂರೂ ಗೊತ್ತಾದದ್ದು 1857ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ನಡೆಸಿದ ಸಭೆಯಲ್ಲಿ; ಅದರ ಮುಂದಾಳು ಡ್ಯಾನಿಯಲ್ ಆಡಮ್ಸ್ ಎಂಬ ವೈದ್ಯ. ಅದಕ್ಕೆ ಮೊದಲು ಇನಿಂಗ್ಸ್ ಲೆಕ್ಕವೇ ಇರಲಿಲ್ಲ, ಮೊದಲು 21 ಓಟ ಮುಟ್ಟಿದವರು ಗೆದ್ದಂತೆ.

ನಮ್ಮ ಬೀದಿ ಕ್ರಿಕೆಟ್ಟಿನ ಇನ್ನೊಂದು ಕಟ್ಟಳೆಯೂ ಅಲ್ಲಿತ್ತು. ಅಗ್ರಹಾರದ ಗಲ್ಲಿಯಿಂದ ಹಿಡಿದು ಮಂಡ್ಯದ ಬಡಾವಣೆಗಳ ತನಕ ‘ಒನ್ ಪಿಚ್ ಕ್ಯಾಚ್ ಔಟ್’ ಎನ್ನದ ಹುಡುಗರಿಲ್ಲ. ಬೇಸ್‌ಬಾಲಿನಲ್ಲೂ ಒಂದು ಪುಟ ಬಿದ್ದ ಮೇಲೆ ಹಿಡಿದರೂ ಔಟ್ ಇತ್ತು. ಕೈಗೆ ಗ್ಲೌಸ್ ಇಲ್ಲದ ಕಾಲ, ಬೆರಳು ಉಳಿಯಬೇಕಲ್ಲ. ನೇರ ಹಿಡಿಯುವುದೇ ಗಂಡುಗಾರಿಕೆ ಎಂದು ವಾದಿಸುವವರಿಗೂ ಉಳಿದವರಿಗೂ ವರ್ಷಗಟ್ಟಲೆ ಚರ್ಚೆ ನಡೆದು, 1864ರ ಡಿಸೆಂಬರ್‌ನಲ್ಲಿ ಒಂದು ಪುಟದ ಕ್ಯಾಚನ್ನು ತೆಗೆದುಹಾಕಿದರು.

ಕ್ರಿಕೆಟ್ಟಿಗೂ ಇದಕ್ಕೂ ಇರುವ ನಂಟು ನಾವು ಎಣಿಸಿರುವುದಕ್ಕಿಂತ ಹತ್ತಿರದ್ದು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ 1844ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕ ಮತ್ತು ಕೆನಡಾ ನಡುವೆ ನಡೆಯಿತು. ಸಂಬಳ ಕೊಡುತ್ತೇವೆಂದು ಬಹಿರಂಗವಾಗಿ ಹೇಳಿ ಕಟ್ಟಿದ ಮೊದಲ ಬೇಸ್‌ಬಾಲ್ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್; ಅದನ್ನು ನಡೆಸಿದ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದ ಕ್ರಿಕೆಟಿಗ. ಇತ್ತ ಫಿಲಡೆಲ್ಫಿಯಾದ ಬಾರ್ಟ್ ಕಿಂಗ್ ಬೇಸ್‌ಬಾಲ್ ಎಸೆತದಲ್ಲಿ ಪಳಗಿ, ಅದೇ ಮಣಿಕಟ್ಟಿನ ಚಳಕವನ್ನು ಸ್ವಿಂಗ್ ಬೌಲಿಂಗ್‌ಗೆ ತಂದು, 1908ರಲ್ಲಿ ಇಂಗ್ಲೆಂಡಿನಲ್ಲಿ 87 ವಿಕೆಟ್ ಕಿತ್ತು ಬೌಲಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತರು. 

ಸ್ಕೋರು ಬರೆಯುವ ಕ್ರಮವೂ ಕ್ರಿಕೆಟ್ಟಿನಿಂದಲೇ ಹೋಯಿತು. ಮೇಲೆ ಹೇಳಿದ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರರು. ಪತ್ರಿಕೆಯಲ್ಲಿ ಅಚ್ಚಾಗುವ ಬೇಸ್‌ಬಾಲ್ ಸ್ಕೋರುಪಟ್ಟಿಗೆ ರೂಪ ಕೊಟ್ಟವರು ಅವರೇ. ಈ ಆಟದ ಸೊಬಗು ಅರ್ಥವಾಗಬೇಕಾದರೆ ಸ್ಕೋರುಪುಸ್ತಕ ಓದಲು ಕಲಿಯುವುದೇ ಒಳ್ಳೆಯ ದಾರಿ. ಒಬ್ಬೊಬ್ಬ ಫೀಲ್ಡರ್‌ಗೆ ಒಂದು ಅಂಕಿ: ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವ 3, ಎರಡನೆಯವ 4, ಮೂರನೆಯವ 5, ಎರಡು ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹಿಂದಿನ ಮೂವರು ಎಡದಿಂದ 7, 8, 9. ಪುಸ್ತಕದಲ್ಲಿ 6–4–3 ಎಂದಿದ್ದರೆ ಹೀಗೆ ಓದಬೇಕು: ಮೊದಲ ಬೇಸಿನಲ್ಲಿ ಒಬ್ಬ ಓಟಗಾರನಿದ್ದ, ಬ್ಯಾಟರ್ ನೆಲಕ್ಕೆ ಹೊಡೆದ ಚೆಂಡು ಶಾರ್ಟ್‌ಸ್ಟಾಪಿನ ಕೈಸೇರಿತು, ಅವನು ಎರಡನೇ ಬೇಸಿನವನಿಗೆ ಕೊಟ್ಟ, ಅವನು ಬೇಸ್ ತುಳಿದು ಬರುತ್ತಿದ್ದ ಓಟಗಾರನನ್ನು ಔಟ್ ಮಾಡಿ, ತಿರುಗಿ ಮೊದಲ ಬೇಸಿಗೆ ಎಸೆದ, ಬ್ಯಾಟರ್ ತಲುಪುವುದಕ್ಕೆ ಮುಂಚೆ ಚೆಂಡು ತಲುಪಿತು. ಒಂದೇ ಹೊಡೆತಕ್ಕೆ ಇಬ್ಬರು ಔಟ್. ಮೂರು ಅಂಕಿಯಲ್ಲಿ ಅಷ್ಟೂ ಕಥೆ ಬಂತು. ಬ್ಯಾಟರ್ ಬೀಸಿ ತಪ್ಪಿಸಿಕೊಂಡ ಅಥವಾ ಹೊಡೆಯಬಹುದಾಗಿದ್ದೂ ಬಿಟ್ಟ ಎಸೆತ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ ‘ಕೆ’ ಅಕ್ಷರ, ‘ಸ್ಟ್ರಕ್’ ಎಂಬ ಪದದ ಕೊನೆಯದು. ಬ್ಯಾಟ್ ಬೀಸದೆ ಸುಮ್ಮನೆ ನಿಂತು ಔಟಾಗಿದ್ದರೆ ಅದೇ ಅಕ್ಷರವನ್ನು ತಿರುಗುಮುರುಗಾಗಿ ಬರೆಯುತ್ತಾರೆ.

ಚೆಂಡಿನ ವಿಷಯಕ್ಕೆ ಬರೋಣ. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡು ಸುಮಾರು 156ರಿಂದ 163 ಗ್ರಾಂ. ಬೇಸ್‌ಬಾಲ್ ತುಸು ಹಗುರ, ಸುತ್ತಳತೆಯಲ್ಲಿ ತುಸು ದೊಡ್ಡದು. ಒಳಗೆ ರಬ್ಬರು ಸುತ್ತಿದ ಬಿರಡೆಮರದ ಗುಂಡು, ಅದರ ಮೇಲೆ ಉಣ್ಣೆ ನೂಲಿನ ಸುತ್ತು, ಹೊರಗೆ ಎರಡೇ ತುಂಡು ತೊಗಲು. 1974ರವರೆಗೆ ಕುದುರೆ ತೊಗಲು, ಆಮೇಲೆ ದನದ ತೊಗಲು. ತೊಗಲಿನ ಒಂದೊಂದು ತುಂಡೂ ಇಂಗ್ಲಿಷಿನ 8ರ ಆಕಾರದಲ್ಲಿದ್ದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಕೆಂಪು ದಾರದಲ್ಲಿ 108 ಜೋಡಿ ಹೊಲಿಗೆ. ಇವತ್ತಿಗೂ ಕೈಯಲ್ಲೇ ಹಾಕುತ್ತಾರೆ. ಕ್ರಿಕೆಟ್ ಚೆಂಡಿನ ಹೊಲಿಗೆ ನಡುಪಟ್ಟಿಯ ಹಾಗೆ ಒಂದು ಸುತ್ತು ಬಂದರೆ ಇಲ್ಲಿ ಹೊಲಿಗೆ ಹಾವಿನಂತೆ ಚೆಂಡಿನ ಮೈಯೆಲ್ಲ ಹರಿದಿದೆ. ಆದ್ದರಿಂದ ಹೇಗೆ ಹಿಡಿದರೂ ಬೆರಳಿಗೆ ಹೊಲಿಗೆ ಸಿಗುತ್ತದೆ. ಹೊಲಿಗೆಯ ಅಡ್ಡಕ್ಕೆ ಬೆರಳಿಟ್ಟರೆ ಚೆಂಡು ನೇರವಾಗಿ ಬರುವಂತೆ ಕಾಣುತ್ತದೆ, ಉದ್ದಕ್ಕೆ ಇಟ್ಟರೆ ಕೊನೆಗಳಿಗೆಯಲ್ಲಿ ಜಾರಿ ಇಳಿಯುತ್ತದೆ. ಕರ್ವ್ ಬಾಲ್ ಬಾಗುವುದು ಹೊಳಪಿನಿಂದಲ್ಲ, ತಿರುಗುವ ವೇಗದಿಂದ. ತಿರುಗುವ ಚೆಂಡು ತನ್ನ ಸುತ್ತಲ ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳಿ ತಾನು ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ.

ಹೊಸ ಚೆಂಡು ನುಣುಪು, ಕೈಯಿಂದ ಜಾರುತ್ತದೆ. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಕೈಜಾರಿ ತಲೆಯತ್ತ ಹೋದರೆ ಗತಿಯೇನು? ಅದಕ್ಕೇ ಪಂದ್ಯಕ್ಕೆ ಮೊದಲು ಪ್ರತಿ ಚೆಂಡಿಗೂ ಮಣ್ಣು ತಿಕ್ಕುತ್ತಾರೆ. ಎಲ್ಲ ಮಣ್ಣೂ ಆಗುವುದಿಲ್ಲ. ದಪ್ಪ ಮರಳಿದ್ದರೆ ತೊಗಲು ಗೀರಿ ಹೋಗುತ್ತದೆ, ಜೇಡಿ ಹೆಚ್ಚಾದರೆ ಚೆಂಡು ಕಪ್ಪಾಗಿ ಕಣ್ಣಿಗೆ ಕಾಣದು. 1938ರಲ್ಲಿ ಲೀನಾ ಬ್ಲ್ಯಾಕ್‌ಬರ್ನ್ ಎಂಬ ತರಬೇತುದಾರ ನ್ಯೂಜೆರ್ಸಿಯಲ್ಲಿ ಡೆಲವೇರ್ ನದಿಯ ಉಪನದಿಯೊಂದರ ದಡದಿಂದ ಒಂದು ಬಗೆಯ ನಯವಾದ ಗೋಡು ತಂದ. ಕೆರೆಯ ಗೋಡು ಹೊಲಕ್ಕೆ ಹೊಡೆಯುವ ಮಂಡ್ಯದ ರೈತರಿಗೆ ಅದರ ಗುಣ ಹೇಳಬೇಕಿಲ್ಲ: ಬೆರಳಲ್ಲಿ ಉಜ್ಜಿದರೆ ಬೆಣ್ಣೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು ಹಿಡಿತ ಕೊಡುತ್ತದೆ. ಇಂದಿಗೂ ಅಮೆರಿಕದ ಅತಿ ದೊಡ್ಡ ವೃತ್ತಿಪರ ಪಂದ್ಯಾವಳಿಯಾದ ಮೇಜರ್ ಲೀಗಿನ ಚೆಂಡುಗಳಿಗೆ ಅದೇ ಗೋಡು. ತೆಗೆಯುವ ಜಾಗವನ್ನು ಹೊರಗೆ ಬಿಟ್ಟುಕೊಟ್ಟಿಲ್ಲ.

ಇಷ್ಟು ಎಚ್ಚರ ಸುಮ್ಮನೆ ಬಂದದ್ದಲ್ಲ. ಹಿಂದೆ ಒಂದೇ ಚೆಂಡನ್ನು ಸವೆದು ಕಪ್ಪಾಗುವ ತನಕ ಆಡುತ್ತಿದ್ದರು. ಪಿಚರ್‌ಗಳು ಅದಕ್ಕೆ ಉಗುಳು, ತಂಬಾಕಿನ ರಸ ಸವರುತ್ತಿದ್ದರು. 1920ರ ಆಗಸ್ಟ್ 16ರಂದು ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ತಲೆಗೆ ಎಸೆತ ಬಡಿದು ಮರುದಿನ ಪ್ರಾಣಬಿಟ್ಟ. ಮೇಜರ್ ಲೀಗಿನಲ್ಲಿ ಎಸೆತಕ್ಕೆ ಬಲಿಯಾದವ ಅವನೊಬ್ಬನೇ. ಉಗುಳು ಸವರುವುದಕ್ಕೆ ಅದೇ ವರ್ಷದ ಆರಂಭದಲ್ಲಿ ನಿಷೇಧ ಬಂದಿತ್ತು; ಅವನ ಸಾವಿನ ಮೇಲೆ ಕೊಳೆಯಾದ ಚೆಂಡನ್ನು ಕೂಡಲೇ ಬದಲಿಸುವ ರೂಢಿ ಬಿಗಿಯಾಯಿತು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಚೆಂಡು 80 ಓವರ್ ಹಳೆಯದಾಗುವುದೇ ಕಲೆ. ಬೇಸ್‌ಬಾಲಿನಲ್ಲಿ ಎಸೆತ ಒಮ್ಮೆ ನೆಲಕ್ಕೆ ಬಿದ್ದರೂ ಆ ಚೆಂಡನ್ನು ಅಂಪೈರ್ ಸಾಮಾನ್ಯವಾಗಿ ಹೊರಗಿಡುತ್ತಾರೆ. ಎರಡು ಆಟಗಳ ಮನೋಧರ್ಮ ಕವಲೊಡೆಯುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಎಸೆತದ ದೂರದ ಬಗ್ಗೆಯೂ ಒಂದು ತಪ್ಪು ಕಥೆ ಓಡಾಡುತ್ತಿದೆ. ಪಿಚರ್ ಕಾಲಿಟ್ಟು ಎಸೆಯುವ ಹಲಗೆಯಿಂದ ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹೂತಿರುವ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ನಕ್ಷೆಯಲ್ಲಿ 60 ಅಡಿ 0 ಇಂಚು ಎಂದಿದ್ದುದನ್ನು ಯಾರೋ 6 ಎಂದು ಓದಿಬಿಟ್ಟರು ಎನ್ನುವುದು ಆ ಕಥೆ. ನಿಜ ಬೇರೆ. ಪಿಚರ್ ಒಂದು ಚೌಕದೊಳಗೆ ನಿಂತು ಎಸೆಯುತ್ತಿದ್ದ ಕಾಲದಲ್ಲಿ ಆ ಚೌಕದ ಹಿಂದಿನ ಗೆರೆ 55 ಅಡಿ 6 ಇಂಚಿನಲ್ಲಿತ್ತು. 1884ರಲ್ಲಿ ತೋಳು ಮೇಲೆತ್ತಿ ಎಸೆಯಲು ಒಪ್ಪಿಗೆ ಸಿಕ್ಕಿದ ಮೇಲೆ ಎಸೆತಗಳು ಬೆಂಕಿಯಾದವು, ಬ್ಯಾಟರ್‌ಗಳು ಸೋತರು. 1893ರಲ್ಲಿ ಚೌಕ ತೆಗೆದು ಹಲಗೆ ಹೂತರು, 5 ಅಡಿ ಹಿಂದಕ್ಕೆ. ಲೆಕ್ಕ ಸರಿಯಾಗಿ 60 ಅಡಿ 6 ಇಂಚು. ಕ್ರಿಕೆಟ್ಟಿನಲ್ಲಿ ವಿಕೆಟ್ಟಿನಿಂದ ವಿಕೆಟ್ಟಿಗೆ 66 ಅಡಿಯಾದರೂ, ಕ್ರೀಸಿನಿಂದ ಕ್ರೀಸಿಗೆ 58 ಅಡಿ. ಹಾಗಾಗಿ ನಮ್ಮೂರಿನ ಜಾವಗಲ್ ಶ್ರೀನಾಥ್ ಎಸೆತವನ್ನು ಎದುರಿಸುತ್ತಿದ್ದ ಬ್ಯಾಟ್ಸ್‌ಮನ್‌ಗೂ ಮೇಜರ್ ಲೀಗಿನ ಬ್ಯಾಟರ್‌ಗೂ ಸಿಗುವ ದೂರ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇಷ್ಟೇ: ಶ್ರೀನಾಥ್ ಓಡಿಬಂದು ಎಸೆಯುತ್ತಿದ್ದರು, ಚೆಂಡು ಪುಟಿದು ವೇಗ ಕಳೆದುಕೊಳ್ಳುತ್ತಿತ್ತು. ಪಿಚರ್ ನಿಂತಲ್ಲೇ ಒಂದು ಹೆಜ್ಜೆ ಹಾಕಿ ಎಸೆಯುತ್ತಾನೆ, ಚೆಂಡು ಪುಟಿಯುವುದೇ ಇಲ್ಲ. ಬ್ಯಾಟರ್‌ಗೆ ಸಿಗುವುದು ಸುಮಾರು 0.4 ಸೆಕೆಂಡು. ಬ್ಯಾಟು ದುಂಡಗೆ, ಅತಿ ದಪ್ಪ ಭಾಗದಲ್ಲೂ 2.61 ಇಂಚು ಮಾತ್ರ. ಹತ್ತರಲ್ಲಿ ಮೂರು ಸಲ ಸರಿಯಾಗಿ ಹೊಡೆದವನನ್ನು ಅಲ್ಲಿ ಒಳ್ಳೆಯ ಆಟಗಾರ ಎನ್ನುವುದು ಇದಕ್ಕೇ.

ಮಕ್ಕಳ ಪುಟದಲ್ಲಿ ದಾಖಲೆಗಳ ಪಟ್ಟಿಗಿಂತ ಮೊದಲು ಬರಬೇಕಾದ ವಿಷಯ ಬಣ್ಣದ ಗೆರೆಯದು. 1880ರ ದಶಕದ ಕೊನೆಯಿಂದ ದೊಡ್ಡ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಜಾಗವಿರಲಿಲ್ಲ. ಬರೆದಿಟ್ಟ ಕಾನೂನಿನಿಂದಲ್ಲ, ಮಾಲೀಕರ ಒಳ ಒಪ್ಪಂದದಿಂದ. ಅವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು; 1920ರಲ್ಲಿ ರೂಬ್ ಫಾಸ್ಟರ್ ಮುಂದೆ ನಿಂತು ನೀಗ್ರೋ ನ್ಯಾಷನಲ್ ಲೀಗ್ ಆರಂಭಿಸಿದರು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಜ್ಯಾಕಿ ರಾಬಿನ್ಸನ್ ಮೈದಾನಕ್ಕಿಳಿದಾಗ ಆ ಗೆರೆ ಮುರಿಯಿತು. ಅವರ 42ನೇ ಅಂಗಿಯನ್ನು 1997ರಿಂದ ಯಾವ ತಂಡವೂ ಹೊಸಬರಿಗೆ ಕೊಡುವುದಿಲ್ಲ. ಪ್ರತಿ ಏಪ್ರಿಲ್ 15ರಂದು ಮಾತ್ರ ಎಲ್ಲ ಆಟಗಾರರೂ ಅದೇ ಅಂಕಿ ಧರಿಸಿ ಆಡುತ್ತಾರೆ. ನೀಗ್ರೋ ಲೀಗುಗಳ ಅಂಕಿಅಂಶಗಳನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಿದರು. ಆವತ್ತಿನಿಂದ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಹೆಸರು ಟೈ ಕಾಬ್ ಅಲ್ಲ, ಜೋಶ್ ಗಿಬ್ಸನ್; .372, ಅಂದರೆ ಸಾವಿರಕ್ಕೆ 372 ಸಲ ಸರಿಯಾದ ಹೊಡೆತ. ಮೇಜರ್ ಲೀಗಿನಲ್ಲಿ ಒಂದು ಚೆಂಡನ್ನೂ ಎದುರಿಸಲು ಬಿಡದೆ ಹೋದ ಮನುಷ್ಯ. 2024ಕ್ಕೆ ಮುಂಚಿನ ಗೈಡುಗಳಲ್ಲಿ ಈ ಉತ್ತರವೂ ಹಳೆಯದು, ಗಮನಿಸಬೇಕು.

ಇದನ್ನು ಓದುವಾಗ ಕನ್ನಡಿಗರಿಗೆ ಪಾಲ್ವಣಕರ್ ಬಾಲೂ ನೆನಪಾಗಬೇಕು. ಧಾರವಾಡದಲ್ಲಿ ಹುಟ್ಟಿದ ದಲಿತ, ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದವರು. ಮೈದಾನದಲ್ಲಿ ಅವರು ಹಿಡಿದ ಚೆಂಡನ್ನು ಎಲ್ಲರೂ ಮುಟ್ಟಿದರು. ವಿರಾಮದಲ್ಲಿ ಅವರಿಗೆ ಚಹಾ ಕೊಟ್ಟದ್ದು ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. ಆಗ ಧರ್ಮಕ್ಕೊಂದು ತಂಡ ಕಟ್ಟಿ ಆಡುತ್ತಿದ್ದ ಕಾಲ; ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ, ತಮ್ಮ ವಿಠಲ್‌ಗೆ 1923ರಲ್ಲಿ ದಕ್ಕಿತು. ರಾಬಿನ್ಸನ್ ಹೆಸರು ಬಲ್ಲ ನಮ್ಮ ಕ್ವಿಜ್ ಹುಡುಗರಿಗೆ ಬಾಲೂ ಹೆಸರು ಗೊತ್ತಿಲ್ಲದಿದ್ದರೆ ಅದು ನಮ್ಮ ಕೊರತೆ.

ಜಪಾನಿಗೆ ಈ ಆಟ ಹೋದದ್ದು 1872ರಲ್ಲಿ, ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಮೇಷ್ಟರ ಮೂಲಕ. ಅಲ್ಲಿ ಅದಕ್ಕೆ ಸ್ವಂತ ಹೆಸರಿದೆ, ‘ಯಾಕ್ಯೂ’. ಬಯಲಿನ ಚೆಂಡು ಎಂದರ್ಥ. 1915ರಿಂದ ನಡೆಯುತ್ತಿರುವ ಹೈಸ್ಕೂಲು ಪಂದ್ಯಾವಳಿಗೆ ಇಡೀ ದೇಶ ಟಿ.ವಿ. ಮುಂದೆ ಕೂರುತ್ತದೆ. ಅದರ ಮೈದಾನ 1924ರಲ್ಲಿ ಕಟ್ಟಿದ ಕೋಶಿಯೆನ್. ಸೋತ ತಂಡದ ಹುಡುಗರು ಹೊರಡುವ ಮುನ್ನ ಮಂಡಿಯೂರಿ ಅಲ್ಲಿನ ಕಪ್ಪು ಮಣ್ಣನ್ನು ಬೊಗಸೆಯಲ್ಲಿ ಗೋರಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. 1958ರಲ್ಲಿ ಓಕಿನಾವಾ ದ್ವೀಪದ ಶೂರಿ ಹೈಸ್ಕೂಲು ತಂಡ ಮೊದಲ ಸಲ ಅಲ್ಲಿ ಆಡಿ ಸೋತಿತು. ಆಗ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು, ಹೊರಗಿನ ಮಣ್ಣು ತರುವಂತಿರಲಿಲ್ಲ. ಹುಡುಗರು ತಂದ ಮಣ್ಣನ್ನು ಬಂದರಿನಲ್ಲೇ ಕಸಿದು ಸಮುದ್ರಕ್ಕೆ ಸುರಿದರು. ಸುದ್ದಿ ಕೇಳಿದ ಜಪಾನ್ ಏರ್‌ಲೈನ್ಸಿನ ಗಗನಸಖಿಯರು ಕೋಶಿಯೆನ್‌ನ ಬೆಣಚುಕಲ್ಲುಗಳನ್ನು ಆರಿಸಿ ಆ ಶಾಲೆಗೆ ಕಳಿಸಿದರು. ಕಲ್ಲಿಗೆ ನಿರ್ಬಂಧವಿರಲಿಲ್ಲ.

ಕೊನೆಯದಾಗಿ, ಶಾಲೆಯ ದೈಹಿಕ ಶಿಕ್ಷಕರಿಗೆ ಉಪಯೋಗವಾಗುವ ಮಾತು. 90 ಅಡಿಯ ಅಂಗಳ ಶಾಲೆಗಳಲ್ಲಿ ಸಿಗುವುದು ಕಷ್ಟ. 12 ವರ್ಷದೊಳಗಿನವರಿಗೆ 60 ಅಡಿ ಸಾಕು, ಪಿಚರ್ ದೂರ 46 ಅಡಿ. ಸಾಫ್ಟ್‌ಬಾಲಿಗೂ ಬೇಸ್‌ಗಳ ನಡುವೆ ಇದೇ 60 ಅಡಿ, ಎರಡೂ ಆಗುತ್ತದೆ. ಮೊದಲು ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಯ ಜಾಗದಲ್ಲಿ ಮೊಳೆ ಹೊಡೆಯಿರಿ. ಅಲ್ಲಿಂದ ನೇರಕ್ಕೆ 84 ಅಡಿ 10¼ ಇಂಚು ಅಳೆದು ಎರಡನೇ ಬೇಸಿನ ಗೂಟ. ಈಗ ಎರಡು ಟೇಪು ಹಿಡಿದು, ಒಂದು ಹೋಮ್‌ನಿಂದ 60 ಅಡಿ, ಇನ್ನೊಂದು ಎರಡನೇ ಬೇಸಿನಿಂದ 60 ಅಡಿ ಬಿಗಿಯಾಗಿ ಎಳೆದರೆ ಬಲಕ್ಕೆ ಕೂಡುವ ಕಡೆ ಮೊದಲ ಬೇಸು, ಎಡಕ್ಕೆ ಮೂರನೆಯದು. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಮತ್ತೆ 84 ಅಡಿ 10¼ ಇಂಚು ಬಂದರೆ ಚೌಕ ಸರಿ. ಬಾರದಿದ್ದರೆ ಎಲ್ಲೋ ಟೇಪು ಸಡಿಲ. ನೈಲಾನ್ ಹಗ್ಗದಲ್ಲಿ ಅಳೆಯಬೇಡಿ, ಹಿಗ್ಗುತ್ತದೆ. ಮೊದಲ ಮತ್ತು ಮೂರನೇ ಬೇಸಿನ ದಿಂಡು ಪೂರ್ತಿ ಚೌಕದ ಒಳಗಿರಬೇಕು, ಎರಡನೆಯದರ ನಡುಮಧ್ಯ ಮಾತ್ರ ಗೂಟದ ಮೇಲೆ. ಪಿಚರ್ ದೂರವನ್ನು ಪ್ಲೇಟಿನ ಹಿಂದಿನ ತುದಿಯಿಂದಲೇ ಅಳೆಯಬೇಕು; ಮುಂದಿನ ಅಂಚಿನಿಂದ ಅಳೆದರೆ 17 ಇಂಚು ಹೆಚ್ಚಾಗುತ್ತದೆ. ಗೆರೆ ಎಳೆಯಲು ಸೀಮೆಸುಣ್ಣದ ಪುಡಿ, ಸುಟ್ಟ ಸುಣ್ಣ ಬೇಡವೇ ಬೇಡ, ಜಾರಿಬಿದ್ದ ಮಗುವಿನ ಕಣ್ಣು ಸುಡುತ್ತದೆ. ನಮ್ಮ ಗರಸು ಮಣ್ಣಿನ ಮೈದಾನದಲ್ಲಿ ಜಾರುವುದನ್ನೇ ಕಲಿಸಬೇಡಿ.

ಕ್ರಿಕೆಟ್ ಆಡಿ ಬಂದ ಮಕ್ಕಳು ಮಾಡುವ ತಪ್ಪುಗಳು ಹೆಚ್ಚಾಗಿ ಒಂದೇ ತೆರ. ಬ್ಯಾಟು ಹಿಡಿದುಕೊಂಡೇ ಓಡುತ್ತಾರೆ; ಕೆಳಗಿಟ್ಟು ಓಡಬೇಕು, ಬೀಸಾಕಬಾರದು. ಹೊಡೆದ ಮೇಲೆ ಓಡಲೋ ಬೇಡವೋ ಎಂದು ನೋಡುತ್ತಾರೆ. ಚೆಂಡು ಗೆರೆಯೊಳಗೆ ನೆಲಕ್ಕೆ ಬಿದ್ದರೆ ಓಡಲೇಬೇಕು. ಲೇಟ್ ಕಟ್, ಗ್ಲಾನ್ಸ್ ಇಲ್ಲಿ ನಡೆಯದು, ಹಿಂದಕ್ಕೆ ಹೋದ ಚೆಂಡು ಫೌಲ್. ಮೇಲೆ ಹಾರಿದ ಚೆಂಡಿಗೆ ಬೇಸಿನಲ್ಲಿರುವವನು ಓಡಿಬಿಡುತ್ತಾನೆ. ಕ್ಯಾಚಾದರೆ ಅವನು ಹಿಂತಿರುಗಿ ಬೇಸ್ ಮುಟ್ಟಲೇಬೇಕು, ಅಷ್ಟರೊಳಗೆ ಚೆಂಡು ಅಲ್ಲಿಗೆ ತಲುಪಿದರೆ ಅವನೂ ಔಟ್. ಮೊದಲ ಬೇಸನ್ನು ತುಳಿದು ನೇರ ಮುಂದಕ್ಕೆ ಓಡಿಹೋಗಬಹುದು, ಎರಡು ಮೂರರಲ್ಲಿ ಹಾಗಾಗದು. ಬಲಗೈಯಲ್ಲಿ ಎಸೆಯುವವರು ಗ್ಲೌಸನ್ನೂ ಬಲಗೈಗೇ ಹಾಕಿಕೊಳ್ಳುತ್ತಾರೆ, ಅದು ಎಡಗೈಗೆ. ಹೊಸ ಗ್ಲೌಸ್ ಬಿರುಸಾಗಿದ್ದರೆ ಒಳಗೆ ಚೆಂಡಿಟ್ಟು ದಾರ ಸುತ್ತಿ ರಾತ್ರಿಯಿಡೀ ಬಿಡಿ. ಕೊಬ್ಬರಿ ಎಣ್ಣೆ ಸುರಿದರೆ ತೊಗಲು ಭಾರವಾಗಿ ಜೋಲುತ್ತದೆ.

ಎಲ್ಲಕ್ಕಿಂತ ಮುಖ್ಯ ಮಕ್ಕಳ ಮೊಣಕೈ. ಅಮೆರಿಕದ ಲಿಟಲ್ ಲೀಗಿನಲ್ಲಿ 9–10 ವರ್ಷದವರಿಗೆ ದಿನಕ್ಕೆ 75 ಎಸೆತ, 11–12ರವರಿಗೆ 85 ಮಿತಿ. 66 ಮುಟ್ಟಿದರೆ 4 ದಿನ ಬಿಡುವು. ಒಬ್ಬನೇ ಚೆನ್ನಾಗಿ ಎಸೆಯುತ್ತಾನೆಂದು ಇಡೀ ಪಂದ್ಯಾವಳಿ ಅವನ ಕೈಯಲ್ಲೇ ಮುಗಿಸುವ ಅಭ್ಯಾಸ ದಯವಿಟ್ಟು ಯಾವ ಶಾಲೆಯೂ ಮಾಡಬಾರದು.

ಮಕ್ಕಳ ಪುಟದಲ್ಲಿ ತಿದ್ದುಪಡಿ ಹಾಕುವುದಾದರೆ ಆ ಉತ್ತರದ ಜಾಗದಲ್ಲಿ ಹೀಗೆ ಅಚ್ಚುಮಾಡಬಹುದು: ‘ಬೇಸ್‌ಬಾಲನ್ನು ಯಾರೊಬ್ಬರೂ ಕಂಡುಹಿಡಿಯಲಿಲ್ಲ. ಇಂಗ್ಲೆಂಡಿನ ಮಕ್ಕಳಾಟದಿಂದ ಬೆಳೆದ ಇದರ ಕಟ್ಟಳೆಗಳನ್ನು ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ಬರೆದಿಟ್ಟಿತು. 9 ಆಟಗಾರರು, 9 ಇನಿಂಗ್ಸ್, 90 ಅಡಿ ಎಂಬುದು 1857ರಲ್ಲಿ ಗೊತ್ತಾಯಿತು.’

ಇಂತಿ,
ಒಬ್ಬ ಓದುಗ,
ಕುವೆಂಪುನಗರ, ಮೈಸೂರು